ಬೀರಪ್ಪ ದಾಟಿಸಿದ ಗಂಟು

ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿ ಬರೀ ಬೀರಪ್ಪ ಎಂದು ಕೇಳಿದರೆ ಯಾವ ಬೀರಪ್ಪ ಎಂದು ತಿರುಗಿ ಕೇಳುತ್ತಿದ್ದರು. ಸೌದಿ ಬೀರಪ್ಪ ಎಂದರೆ ಮನೆಬಾಗಿಲ ತನಕ ಬಿಟ್ಟು ಹೋಗುತ್ತಿದ್ದರು. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲಾರಿ ಓಡಿಸಿಕೊಂಡಿದ್ದವನು ತೊಂಬತ್ತಾರರಲ್ಲಿ ಸೌದಿಯ ದಮ್ಮಾಮಿಗೆ ಹೋಗಿ ಟ್ರೇಲರ್ ಹಿಡಿದಿದ್ದ. ಕಬ್ಬಿಣದ ಸರಳು, ಸಿಮೆಂಟ್ ಪೈಪು ಹೇರಿಕೊಂಡು ಸಮುದ್ರದ ಮೇಲಿನ ಸೇತುವೆ ದಾಟಿ ಬಹರೇನ್‌ಗೆ ಹೋಗುವುದು, ಇಳಿಸಿ ವಾಪಸು ಬರುವುದು ಅವನ ಕೆಲಸ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಚಹಾದಂಗಡಿಯಲ್ಲಿ ಕೂತವರು ಆ ಸೇತುವೆಯ ಬಗ್ಗೆಯೇ ಕೇಳುತ್ತಿದ್ದರು.

"ಇಲ್ಲಿಂದ ಶಿವಮೊಗ್ಗಕ್ಕೆ ಎಷ್ಟು ದೂರ ಐತೋ ಅದಕ್ಕಿಂತ ಒಂದಿಷ್ಟು ಜಾಸ್ತಿ ಅಂದ್ಕೊಳ್ಳಿ, ಅಷ್ಟೂ ನೀರಿನ ಮೇಲೆ," ಎನ್ನುತ್ತಿದ್ದ ಬೀರಪ್ಪ. "ಆದ್ರೆ ಇಲ್ಲಿ ಪ್ರೈವೇಟ್ ಬಸ್ಸು ಹತ್ತಿ ನಿದ್ದೆ ಹೊಡೆದ್ರೆ ಶಿವಮೊಗ್ಗದಲ್ಲಿ ಕಂಡಕ್ಟರು ಎಬ್ಬಿಸ್ತಾನೆ. ಅಲ್ಲಿ ನಡುನೀರಲ್ಲಿ ಒಂದು ದ್ವೀಪ ಮಾಡಿ ಎರಡು ದೇಶದ ಪೊಲೀಸ್ನೋರು ಕೂತಿರ್ತಾರೆ. ನಿನ್ನ ಮುಖ ನೋಡ್ತಾರೆ, ಪಾಸ್‌ಪೋರ್ಟ್ ನೋಡ್ತಾರೆ, ಮತ್ತೆ ನಿನ್ನ ಮುಖ ನೋಡ್ತಾರೆ."

ಇಷ್ಟು ಹೇಳಿ ಸುಮ್ಮನಾಗುತ್ತಿದ್ದ. ಜಂಬಣ್ಣನ ವಿಷಯವನ್ನು ಯಾರಿಗೂ ಹೇಳುತ್ತಿರಲಿಲ್ಲ. ಜಂಬಣ್ಣ ಬಳ್ಳಾರಿ ಕಡೆಯವನು, ಅದೇ ಕಂಪನಿಯ ಡ್ರೈವರು, ಬೀರಪ್ಪನ ಜೊತೆ ಒಂದೇ ರೂಮಿನಲ್ಲಿದ್ದವನು. ಯಾರೋ ಪರಿಚಯದವರು ಊರಲ್ಲಿ ಕೊಟ್ಟ ಉಪ್ಪಿನಕಾಯಿ ಬಾಟಲಿಯನ್ನು ತಂದಿದ್ದ. ಅದರ ತಳದಲ್ಲಿ ಮಾದಕ ವಸ್ತು ಅಡಗಿಸಿಟ್ಟಿದ್ದರೆಂದು ಅವನಿಗೇ ಗೊತ್ತಿರಲಿಲ್ಲ. ವಿಮಾನ ನಿಲ್ದಾಣದಿಂದ ಪೊಲೀಸರು ಹಾಗೇ ಕರೆದುಕೊಂಡು ಹೋದರು. ಅವನ ಹಾಸಿಗೆಯಲ್ಲಿ ಈಗ ಬೇರೆ ಯಾರೋ ಮಲಗುತ್ತಾರೆ. ಅಂದಿನಿಂದ ಬೀರಪ್ಪ ಯಾರ ಚೀಲವನ್ನೂ ಮುಟ್ಟುತ್ತಿರಲಿಲ್ಲ. ಸ್ವಂತ ಭಾವಮೈದುನ ಚಕ್ಕುಲಿ ಪೊಟ್ಟಣ ಕೊಟ್ಟರೂ ಮುರಿದು ನೋಡಿಯೇ ಒಳಗಿಡುತ್ತಿದ್ದ.

ಎರಡು ಸಾವಿರದ ಒಂದನೇ ಇಸವಿ, ಏಪ್ರಿಲ್. ರಜೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದಾಗ ಹೆಂಡತಿ ಪದ್ಮಮ್ಮ ಬಂದು, "ಏಳ್ರಿ, ನಿಮ್ಮ ಸಾವ್ಕಾರ್ರ ಮನೆ ಅಮ್ಮಾವ್ರು ಬಂದಿದಾರೆ," ಎಂದಳು.

ಬೀರಪ್ಪ ಎದ್ದು ಅಂಗಿ ಹಾಕಿಕೊಂಡು ಹೊರಗೆ ಬಂದ. ಬಂದವರು ಜಗದಾಂಬಾ, ಅವನು ಮೊದಲು ಕೆಲಸ ಮಾಡುತ್ತಿದ್ದ ಮಂಡಿಯ ಯಜಮಾನ ವಿಶ್ವಾರಾಧ್ಯರ ಹೆಂಡತಿ. ಮನೆಯಲ್ಲಿ ಕಾರಿದ್ದರೂ ಶಿವಮೊಗ್ಗದ ದುರ್ಗಿಗುಡಿಯಿಂದ ಬಸ್ಸಿನಲ್ಲಿ ಬಂದಿದ್ದರು. ಸೆರಗು ತಲೆಯ ಮೇಲಿತ್ತು. ಪದ್ಮಮ್ಮ ಕೊಟ್ಟ ನೀರನ್ನು ಎರಡು ಗುಟುಕು ಕುಡಿದು ಬಾಗಿಲ ಕಡೆ ನೋಡಿದರು.

"ಬೀರಪ್ಪ, ನೀನು ಆ ಸೇತುವೆ ದಾಟಿ ಬಹರೇನ್‌ಗೆ ಹೋಗ್ತೀಯಂತೆ."

"ಹೂಂ ಅಮ್ಮಾವ್ರೆ, ವಾರಕ್ಕೆರಡು ಸಲ."

"ಪ್ರಿಯದರ್ಶಿನಿ ಅಲ್ಲೇ ಇದಾಳೆ."

ಅದು ಬೀರಪ್ಪನಿಗೆ ಗೊತ್ತಿತ್ತು. ಭದ್ರಾವತಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ವಿಶ್ವಾರಾಧ್ಯರ ಒಬ್ಬಳೇ ಮಗಳು ಕಾಗದ ಕಾರ್ಖಾನೆಯ ಪೇಪರ್ ಟೌನಿನ ತಮಿಳರ ಹುಡುಗ ಕುಮಾರವೇಲುವನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಆ ವಾರವೇ ಯಜಮಾನರು ಎರಡು ಜೀಪಿನಲ್ಲಿ ಜನ ಕರೆತಂದು ಹುಡುಗನ ಅಪ್ಪನ ಕ್ವಾರ್ಟರ್ಸಿಗೆ ನುಗ್ಗಿದ್ದರು. ಟೀವಿ, ಪಾತ್ರೆ, ಕಿಟಕಿ ಗಾಜು ಎಲ್ಲ ರಸ್ತೆಗೆ ಬಿದ್ದಿದ್ದವು. ಇನ್ನು ಈ ಮನೆಯ ಕುಡಿ ಅಂತ ಒಂದು ಭೂಮಿಗೆ ಬೀಳಬಾರದು ಎಂದು ಅಲ್ಲೇ ನಿಂತು ಹೇಳಿದ್ದರಂತೆ. ಹುಡುಗ ಹುಡುಗಿ ಇಬ್ಬರೂ ಬಹರೇನ್ ಸೇರಿದ್ದರು.

"ಅವಳಿಗೀಗ ಏಳು ತುಂಬಿದೆ," ಎಂದರು ಜಗದಾಂಬಾ. "ಪಕ್ಕದ ಮನೆಗೆ ಫೋನ್ ಮಾಡಿದ್ಲು. ಬಾಣಂತನ ಮಾಡೋಕೆ ಯಾರೂ ಇಲ್ಲ. ಒಂದಿಷ್ಟು ಔಷಧಿ ಪುಡಿ, ಅಂಟಿನುಂಡೆ, ಹುಣಸೆಹಣ್ಣು ಕಟ್ಟಿದೀನಿ. ನೀನು ತಲುಪಿಸ್ಬೇಕು. ಯಜಮಾನರಿಗೆ ಗೊತ್ತಾಗೋದು ಬೇಡ."

ಚೀಲದಿಂದ ಬಿಳಿ ಬಟ್ಟೆಯಲ್ಲಿ ಹೊಲಿದ ಗಂಟೊಂದನ್ನು ತೆಗೆದು ಮುಂದಿಟ್ಟರು. ಬೀರಪ್ಪ ಅದನ್ನು ಮುಟ್ಟಲಿಲ್ಲ. ಆಗುವುದಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಮಂಡಿಯಲ್ಲಿದ್ದಷ್ಟು ದಿನ ಎಷ್ಟು ಹೊತ್ತಿಗೆ ಲಾರಿ ತಂದು ನಿಲ್ಲಿಸಿದರೂ ಬಿಸಿ ರೊಟ್ಟಿ ಹಾಕಿಸಿದ ಕೈ ಅದು. ಅವನು ಉತ್ತರ ಕೊಡುವ ಮೊದಲೇ ಪದ್ಮಮ್ಮ ಗಂಟನ್ನು ಎತ್ತಿ ಒಳಗಿಟ್ಟಳು.

ಎರಡು ದಿನ ಬಿಟ್ಟು ಬೀರಪ್ಪ ಮುಂಬೈ ಬಸ್ಸಿನ ಟಿಕೆಟಿಗೆಂದು ಶಿವಮೊಗ್ಗಕ್ಕೆ ಹೋದ. ಬಸ್ ಸ್ಟ್ಯಾಂಡಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ವಿಶ್ವಾರಾಧ್ಯರ ಕಾರು. ಯಜಮಾನರು ಕಾರಿಗೊರಗಿ ನಿಂತಿದ್ದರು. ಅವನಿಗಾಗಿಯೇ ಕಾದವರಂತೆ, "ಬಾ ಬೀರಪ್ಪ, ಕಾಫಿ ಕುಡಿಯೋಣ," ಎಂದರು.

ಅವನು ಅವರ ಎದುರು ಯಾವತ್ತೂ ಕುರ್ಚಿಯಲ್ಲಿ ಕೂತವನಲ್ಲ. ಹೋಟೆಲಿನಲ್ಲಿ ಕೂರಿಸಿದರು. ಸೌದಿಯ ಬಿಸಿಲು, ಗಾಡಿ, ಕಂಪನಿ ಎಂದು ಅದೂ ಇದೂ ಕೇಳಿದರು. ಲೋಟ ಖಾಲಿಯಾದ ಮೇಲೆ, "ನಮ್ಮನೆಯವರು ಮೊನ್ನೆ ಭದ್ರಾವತಿ ಕಡೆ ಬಂದಿದ್ರಾ?" ಎಂದರು.

"ಇಲ್ಲ ಸಾವ್ಕಾರ್ರೆ. ನಾನು ನೋಡ್ಲಿಲ್ಲ."

ವಿಶ್ವಾರಾಧ್ಯರು ಅವನ ಮುಖವನ್ನು ನೋಡುತ್ತ ಕೂತರು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವವನು ನೋಡುವ ಹಾಗೆಯೇ ಇತ್ತು ಅದು.

"ನೋಡ್ಲಿಲ್ಲ ಅಂದ್ರೆ ಸರಿ," ಎಂದು ಎದ್ದರು. ಕಾರಿನ ಬಾಗಿಲು ತೆಗೆದು ಒಳಗೆ ಕೂರುವ ಮೊದಲು ತಿರುಗದೆ ಹೇಳಿದರು: "ಕೊಟ್ಟಿದ್ದನ್ನ ಬಿಚ್ಚೋಕೆ ಹೋಗ್ಬೇಡ. ಹೆಂಗಿದೆಯೋ ಹಂಗೇ ತಲುಪಿಸು."

ಬೀರಪ್ಪ ಟಿಕೆಟ್ ಮಾಡಿಸುವುದನ್ನು ಮರೆತು ಭದ್ರಾವತಿ ಬಸ್ಸು ಹತ್ತಿದ. ಇವರಿಗೆ ಗೊತ್ತಿದೆ. ಗೊತ್ತಿದ್ದೂ ಹೆಂಡತಿಯನ್ನು ತಡೆದಿಲ್ಲ. ಅವನು ಸುಳ್ಳು ಹೇಳಿದ್ದೂ ಗೊತ್ತು, ಬೈಯಲಿಲ್ಲ. ಕುಡಿ ಭೂಮಿಗೆ ಬೀಳಬಾರದು ಎಂದ ಮನುಷ್ಯ, ಬಸುರಿ ಮಗಳಿಗೆ ಹೋಗುವ ಗಂಟನ್ನು ಹಾಗೇ ತಲುಪಿಸು ಅನ್ನುತ್ತಾನೆ. ಯಾಕೆ? ಅದರೊಳಗೆ ಏನಾದರೂ ಬೆರೆಸಿಲ್ಲ ತಾನೇ?

ಮನೆಗೆ ಬಂದವನೇ ಬಾಗಿಲು ಹಾಕಿ ಬ್ಲೇಡಿನಿಂದ ಹೊಲಿಗೆ ಬಿಚ್ಚಿದ. ಒಳಗೆ ಕೊಬ್ಬರಿ ಗಿಟುಕು, ಡಬ್ಬಿಯಲ್ಲಿ ಅಂಟಿನುಂಡೆ, ಹಾರ್ಲಿಕ್ಸ್ ಬಾಟಲಿಯ ತುಂಬ ಕಂದು ಪುಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೊಡ್ಡ ಹುಣಸೆಹಣ್ಣಿನ ಉಂಡೆ. ಪದ್ಮಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು.

"ಶುಂಠಿ, ಹಿಪ್ಪಲಿ, ಓಂಕಾಳು. ಬಾಣಂತಿ ಔಷಧಿನೇ ಇದು. ನಾನೂ ತಿಂದಿಲ್ವಾ?"

"ಅಷ್ಟೇನಾ? ಬೇರೆ ವಾಸನೆ ಏನೂ ಇಲ್ವಾ?"

"ಬೇರೆ ಅಂದ್ರೆ?"

ಬೀರಪ್ಪ ಹೋಟೆಲಿನಲ್ಲಿ ನಡೆದದ್ದನ್ನು ಹೇಳಿದ. ಪದ್ಮಮ್ಮ ಮುಚ್ಚಳ ಹಾಕಿ ಬಾಟಲಿಯನ್ನು ದೂರ ಇಟ್ಟಳು. "ಹೆತ್ತ ತಾಯಿ ಕೈಯಾರೆ ಕುಟ್ಟಿರೋದು," ಎಂದಳು.

"ಕುಟ್ಟಿದ್ದು ತಾಯಿನೇ. ಆಮೇಲೆ ಯಾರ ಕೈಗೆ ಸಿಕ್ಕಿತ್ತೋ ಮಾರಾಯ್ತಿ, ಯಾರಿಗೆ ಗೊತ್ತು?"

"ಹಂಗಂತ ಚೆಲ್ಲಿಬಿಡ್ತೀರಾ? ಆ ಹುಡುಗಿ ತಾಯಿ ಕೈ ಔಷಧಿ ಅಂತ ಕಾಯ್ತಾ ಇರುತ್ತೆ. ಬೇಡ ಅನ್ನೋದಾಗಿದ್ರೆ ಅವತ್ತೇ ಅನ್ಬೇಕಿತ್ತು."

ಪದ್ಮಮ್ಮನೇ ಸೂಜಿ ದಾರ ತಂದು ಮತ್ತೆ ಹೊಲಿದಳು. ಬೀರಪ್ಪ ಒಂದು ತೀರ್ಮಾನಕ್ಕೆ ಬಂದ: ತಲುಪಿಸುವುದು, ಆದರೆ ಗೊತ್ತಿದ್ದಷ್ಟನ್ನು ಹುಡುಗಿಗೆ ಹೇಳಿಬಿಡುವುದು. ತಿನ್ನುವುದು ಬಿಡುವುದು ಅವಳಿಗೆ ಬಿಟ್ಟಿದ್ದು.

ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವವನು ಗಂಟನ್ನು ಒಮ್ಮೆ ಅದುಮಿ ಪಕ್ಕಕ್ಕೆ ತಳ್ಳಿದ. ಬೀರಪ್ಪನ ಹಿಂದೆ ದೊಡ್ಡ ಸಾಲಿತ್ತು. ರೂಮಿಗೆ ಬಂದು ಮಂಚದ ಕೆಳಗಿಟ್ಟ. ಆದರೆ ಅದು ಅಲ್ಲಿದೆ ಎನ್ನುವುದೇ ಅವನಿಗೆ ಒಂದು ಬೇನೆಯಾಯಿತು. ಜೊತೆಯವರು ಯಾರಾದರೂ ಬಗ್ಗಿದರೆ ತಿರುಗಿ ನೋಡುತ್ತಿದ್ದ. ಐದಾರು ದಿನಕ್ಕೆ ಬಹರೇನ್‌ಗೆ ಸರಳಿನ ಲೋಡು ಸಿಕ್ಕಿತು. ಪ್ರಿಯದರ್ಶಿನಿಗೆ ಫೋನ್ ಮಾಡಿ ಬರುವ ದಿನ ಹೇಳಿ, ಗಂಟನ್ನು ಸೀಟಿನ ಹಿಂದೆ ಇಟ್ಟುಕೊಂಡು ಹೊರಟ.

ಸೇತುವೆ ಹತ್ತುವಾಗ ಬಿಸಿಲು ಇಳಿದಿತ್ತು. ಎರಡೂ ಕಡೆ ಹಸಿರು ನೀರು, ಅಲುಗಾಡದೆ ಬಿದ್ದಿತ್ತು. ಖಾಲಿ ಮನಸ್ಸಿನಲ್ಲಿ ಈ ದಾರಿ ಅವನಿಗೆ ಇಷ್ಟ. ಇವತ್ತು ಮುಂದಿನ ಗಾಡಿ ಬ್ರೇಕ್ ಹಾಕಿದಾಗಲೆಲ್ಲ ತಿರುಗಿ ಸೀಟಿನ ಹಿಂದೆ ನೋಡುತ್ತಿದ್ದ. ದ್ವೀಪ ಬಂತು. ಸೌದಿಯವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಬಿಟ್ಟರು. ಬಹರೇನ್‌ನ ಗೇಟಿನಲ್ಲಿ, ಎಷ್ಟೋ ಸಲ ಅವನನ್ನು ಕೈ ಬೀಸಿ ಕಳಿಸಿದ್ದ ಕಸ್ಟಮ್ಸ್ ಕೌಂಟರಿನಲ್ಲಿ, ಹೊಸ ಹುಡುಗನೊಬ್ಬ ಕೂತಿದ್ದ. ಬೀರಪ್ಪನ ಹಣೆಯ ಬೆವರು ನೋಡಿದ. ಕ್ಯಾಬಿನ್ ಹತ್ತಿ ಗಂಟನ್ನು ಎಳೆದು ತಂದು ಮೇಜಿನ ಮೇಲೆ ಹಾಕಿದ.

ಕೊಬ್ಬರಿ ನೋಡಿದ, ಉಂಡೆ ಮುರಿದ, ಪುಡಿಯಲ್ಲಿ ಕಡ್ಡಿ ಆಡಿಸಿದ. ಹುಣಸೆಹಣ್ಣಿನ ಉಂಡೆಗೆ ಚಾಕು ಹಾಕಿದ. ಚಾಕು ನಡುವೆ ಏನಕ್ಕೋ ತಾಗಿ ನಿಂತಿತು.

ಬೀರಪ್ಪನಿಗೆ ಜಂಬಣ್ಣನ ನೆನಪಾಯಿತು.

ಹುಡುಗ ಉಂಡೆಯನ್ನು ಎರಡು ಹೋಳು ಮಾಡಿದ. ಒಳಗೆ ಬಟ್ಟೆಯ ಚೂರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದ ಏನೋ ಇತ್ತು. ಬಿಚ್ಚಿದರೆ ನೆಲ್ಲಿಕಾಯಿ ಗಾತ್ರದ, ಮಿರಿಮಿರಿ ಮಿಂಚುವ ಕರಿ ಉಂಡೆ. ಉಗುರಿನಿಂದ ಕೆರೆದು ಮೂಸಿ ಹುಡುಗ ಬೀರಪ್ಪನನ್ನು ನೋಡಿದ. "ಹಶೀಶ್?"

ಅದು ಗಾಂಜಾದ ಉಂಡೆಯಲ್ಲ, ಏನೆಂದು ಬೀರಪ್ಪನಿಗೆ ಆ ಕ್ಷಣವೇ ಗೊತ್ತಾಗಿತ್ತು. ವಿಶ್ವಾರಾಧ್ಯರು ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದುದನ್ನು ಹತ್ತು ವರ್ಷ ನೋಡಿದವನು ಅವನು. ಅದು ಇಷ್ಟಲಿಂಗ, ಎಳೆಮಗುವಿಗೆ ಕಟ್ಟುವ ಚಿಕ್ಕ ಲಿಂಗ. ಆದರೆ ಅದನ್ನು ಯಾವ ಭಾಷೆಯಲ್ಲಿ ಹೇಳುವುದು?

"ಗಾಡ್," ಎಂದ. "ಹಶೀಶ್ ನೋ. ಬೇಬಿ ಗಾಡ್." ಎದೆಯ ಮೇಲೆ ಕೈಯಿಟ್ಟು ಕೊರಳಿಂದ ದಾರ ಇಳಿದಂತೆ ತೋರಿಸಿದ. ಹುಡುಗ ಇನ್ನಿಬ್ಬರನ್ನು ಕೂಗಿದ. ಬೀರಪ್ಪನನ್ನು ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು.

ಆ ಕೋಣೆಯಲ್ಲಿ ಕೂತು ಅವನು ಒಂದೇ ವಿಷಯ ತಿರುವಿ ಹಾಕಿದ. ಅಮ್ಮಾವ್ರು ಔಷಧಿ, ಅಂಟಿನುಂಡೆ, ಹುಣಸೆಹಣ್ಣು ಎಂದರು. ಲಿಂಗ ಅನ್ನಲಿಲ್ಲ. ಬೇರೆ ಧರ್ಮದವರ ಪೂಜೆ ಸಾಮಾನನ್ನು ಸೌದಿಯೊಳಗೆ ಬಿಡುವುದಿಲ್ಲ ಎಂದು ಅವನೇ ಹಿಂದೊಮ್ಮೆ ರಜೆಗೆ ಬಂದಾಗ ಮಂಡಿಯಲ್ಲಿ ಹೇಳಿದ್ದ. ಕೇಳಿಸಿಕೊಂಡವರು ಯಾರು? ಅಮ್ಮಾವ್ರು ಮಂಡಿಗೆ ಬರುವವರಲ್ಲ. ಹಾಗಾದರೆ ಗೊತ್ತಿದ್ದೂ ಹುಣಸೆಹಣ್ಣಿನೊಳಗೆ ಹುದುಗಿಸಿ, ತನ್ನ ತಲೆಯ ಮೇಲೆ ಕತ್ತಿ ತೂಗುಹಾಕಿ ಕಳಿಸಿದ್ದು ಯಜಮಾನರೇ. ಅವನಿಗೆ ಸಿಟ್ಟು ಬಂತು. ಹಾಗೇ, ಮಗುವಿಗೆ ಲಿಂಗ ಕಳಿಸಿದವರು ಕುಡಿ ಬೇಡ ಎನ್ನುವವರಲ್ಲ ಎಂದು ಮನಸ್ಸು ಸಡಿಲವೂ ಆಯಿತು. ಯಾವುದು ಹೆಚ್ಚೆಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ವಯಸ್ಸಾದ ಅಧಿಕಾರಿಯೊಬ್ಬ ಬಂದು ಯಾರಿಗೆ ಎಂದು ಕೇಳಿದ. ಬೀರಪ್ಪ ಪರ್ಸಿನಿಂದ ಪ್ರಿಯದರ್ಶಿನಿಯ ಫೋನ್ ನಂಬರು ತೆಗೆದು ಕೊಟ್ಟ.

ಬಹರೇನ್‌ನಲ್ಲಿರುವವರು ದ್ವೀಪದ ತನಕ ಕಾರಿನಲ್ಲಿ ಬರಬಹುದು. ಕತ್ತಲಾಗುವ ಮೊದಲೇ ಪ್ರಿಯದರ್ಶಿನಿ ಗಂಡನ ಜೊತೆ ಬಂದಳು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಡೆಯುತ್ತಿದ್ದಳು. ಬೀರಪ್ಪನನ್ನು ಕಂಡು, "ಬೀರಣ್ಣ, ಏನೂ ಮಾಡಲ್ಲ, ಹೆದರ್ಬೇಡ," ಎಂದಳು. ಮೇಜಿನ ಮೇಲಿದ್ದುದನ್ನು ನೋಡಿ ನಿಂತುಬಿಟ್ಟಳು. ಆಮೇಲೆ ಅಧಿಕಾರಿಯ ಹತ್ತಿರ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದಳು. ಅವರು ಕೆರೆದ ಚೂರನ್ನು ಗಾಜಿನ ಕೊಳವೆಗೆ ಹಾಕಿ ಅಲುಗಾಡಿಸಿದರು. ನೀರಿನ ಬಣ್ಣ ಬದಲಾಗಲಿಲ್ಲ, ಅಂದರೆ ಅದು ಹಶೀಶ್ ಅಲ್ಲ. ವಯಸ್ಸಾದ ಅಧಿಕಾರಿ ಲಿಂಗವನ್ನು ಬಟ್ಟೆಯ ಚೂರಿನಲ್ಲಿ ತಾನೇ ಸುತ್ತಿ ಅವಳ ಕೈಗೆ ಕೊಟ್ಟ. ಹೊಸ ಹುಡುಗ ಮಾತ್ರ ಟ್ರೇಲರ್ ಹೊರಡುವ ತನಕ ಬೀರಪ್ಪನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಗೇಟು ದಾಟಿದ ಮೇಲೆ ಗಾಡಿ ನಿಲ್ಲಿಸುವ ಜಾಗದಲ್ಲಿ ಮೂವರೂ ನಿಂತರು. ಪ್ರಿಯದರ್ಶಿನಿ ಬಟ್ಟೆಯ ಚೂರನ್ನು ಬಿಡಿಸಿ ನೋಡುತ್ತಿದ್ದಳು.

"ಇದು ಅಪ್ಪನ ಮಡಿಪಂಚೆ ಚೂರು. ಈ ಅಂಚಿನದು ಬೇರೆ ಯಾರ ಹತ್ರನೂ ಇಲ್ಲ," ಎಂದಳು. "ಅಮ್ಮ ಅದನ್ನ ಹರಿಯೋದಿರ್ಲಿ, ಮುಟ್ಟೋಕೂ ಹೆದರ್ತಾಳೆ."

ಆಗ ಬೀರಪ್ಪ ಶಿವಮೊಗ್ಗದ ಹೋಟೆಲಿನಲ್ಲಿ ನಡೆದದ್ದನ್ನು ಹೇಳಿದ. ಹೇಳುವುದೆಂದು ತೀರ್ಮಾನಿಸಿದ್ದನಲ್ಲ, ಎಲ್ಲವನ್ನೂ ಹೇಳಿದ. ತನಗೆ ಪುಡಿಯ ಮೇಲೆ ಅನುಮಾನ ಬಂದಿದ್ದನ್ನೂ ಹೇಳಿದ. "ಈಗ ಇದು ಸಿಕ್ಕಿದ ಮೇಲೆ ನಂಗೆ ಆ ಅನುಮಾನ ಇಲ್ಲ ಪ್ರಿಯಮ್ಮ. ಮೊಮ್ಮಗುಗೆ ಲಿಂಗ ಕಳಿಸೋರು ಹಂಗೆ ಮಾಡ್ತಾರಾ?"

ಕುಮಾರವೇಲು ಅಲ್ಲಿಯವರೆಗೆ ಮಾತಾಡಿರಲಿಲ್ಲ. ತೆಳ್ಳಗಿನ, ಮೆಲುದನಿಯ ಹುಡುಗ. ಈಗ ಅಂದ: "ಅಂದ್ರೆ ಗಂಟು ಅವರ ಕೈಗೆ ಸಿಕ್ಕಿತ್ತು."

"ಸಿಕ್ಕಿತ್ತು. ಅದಕ್ಕೇ ತಾನೇ ಇದನ್ನಿಟ್ಟಿದ್ದು."

"ಹುಣಸೆಹಣ್ಣಿನ ಒಳಗೆ ಕೈ ಹಾಕಿದವರು ಬಾಟ್ಲಿ ಒಳಗೂ ಹಾಕಬಹುದು, ಅಲ್ವಾ?"

ಲಿಂಗ ಕಂಡು ಬೀರಪ್ಪನ ಮನಸ್ಸು ತಿಳಿಯಾಗಿತ್ತು. ಅದೇ ಲಿಂಗ ಈ ಹುಡುಗನಿಗೆ ಬೇರೆಯದನ್ನೇ ಹೇಳುತ್ತಿತ್ತು.

"ನಮ್ಮಪ್ಪನ ಮನೇಲಿ ಒಂದು ಗ್ಲಾಸೂ ಉಳಿಸಲಿಲ್ಲ ಅವರು," ಎಂದ ಕುಮಾರವೇಲು. "ನಾನು ತಪ್ಪು ತಿಳ್ಕೊಂಡಿರಬಹುದು. ತಪ್ಪಾದ್ರೆ ಒಂದು ಬಾಟ್ಲಿ ಪುಡಿ ಹೋಗುತ್ತೆ. ಸರಿಯಾಗಿದ್ರೆ ಏನು ಹೋಗುತ್ತೆ ನೀವೇ ಹೇಳಿ."

ಪ್ರಿಯದರ್ಶಿನಿ ಮೊಬೈಲ್ ತೆಗೆದು ನಂಬರು ಒತ್ತಿದಳು. ಪಕ್ಕದ ಮನೆಗಲ್ಲ, ಅಪ್ಪನ ಮನೆಗೇ. ಮದುವೆಯಾದ ಮೇಲೆ ಆ ನಂಬರಿಗೆ ಅವಳು ಮಾಡಿದಾಗಲೆಲ್ಲ ಅತ್ತ ಕಡೆ ಫೋನ್ ಇಟ್ಟುಬಿಡುತ್ತಿದ್ದರು. ಎತ್ತಿದ್ದು ವಿಶ್ವಾರಾಧ್ಯರು. ಅವಳು ಮಾತಾಡಲಿಲ್ಲ. ಅವಳ ಉಸಿರಿನಿಂದಲೇ ಗೊತ್ತಾಗಿರಬೇಕು.

"ಸೇರ್ತಾ?" ಎಂದ ಧ್ವನಿ ಪಕ್ಕದಲ್ಲಿದ್ದ ಬೀರಪ್ಪನಿಗೂ ಕೇಳಿಸಿತು.

"ಸೇರ್ತು ಅಪ್ಪ."

ಅತ್ತ ಕಡೆ ಫೋನ್ ಇಟ್ಟ ಸದ್ದಾಯಿತು.

ಪ್ರಿಯದರ್ಶಿನಿ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾರಿನಲ್ಲಿ ಕೂತಳು. ಕುಮಾರವೇಲು ಹಾರ್ಲಿಕ್ಸ್ ಬಾಟಲಿಯನ್ನೂ ಅಂಟಿನುಂಡೆಯ ಡಬ್ಬಿಯನ್ನೂ ತೆಗೆದುಕೊಂಡು ಕಸದ ತೊಟ್ಟಿಯ ಹತ್ತಿರ ಹೋದ. ಹಾಕುವ ಮೊದಲು ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು. ಬಾಟಲಿ ತೊಟ್ಟಿಯ ತಳಕ್ಕೆ ಬಿದ್ದ ಸದ್ದಿಗೆ ಬೀರಪ್ಪನೇ ಬೆಚ್ಚಿದ.

ಜೂನ್‌ನಲ್ಲಿ ಅವಳಿಗೆ ಹೆಣ್ಣುಮಗು ಆಯಿತು. ಕುಮಾರವೇಲುವೇ ಕಂಪನಿಗೆ ರಜೆ ಹಾಕಿ ಬಾಣಂತನ ಮಾಡಿದ. ಬೀರಪ್ಪ ಒಮ್ಮೆ ಹೋಗಿ ಮಗುವನ್ನು ನೋಡಿ ಬಂದ.

ಮರುವರ್ಷ ರಜೆಗೆ ಬಂದಾಗ ದುರ್ಗಿಗುಡಿಯಿಂದ ಹೇಳಿಕಳಿಸಿದರು. ಹೋದ. ವಿಶ್ವಾರಾಧ್ಯರು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಗಂಡ ಹೆಂಡತಿ ಮಗಳ ವಿಷಯ ಈಗ ಮನೆಯೊಳಗೆ ಮಾತಾಡುತ್ತಾರೆ ಎಂದು ಅವನಿಗೆ ಜಗದಾಂಬಾ ಧ್ವನಿ ತಗ್ಗಿಸದೆ ಮಾತಾಡಿದ್ದರಿಂದಲೇ ಗೊತ್ತಾಯಿತು.

"ಔಷಧಿ ತಿಂದ್ಲಾ ಬೀರಪ್ಪ? ಫೋನಲ್ಲಿ ಕೇಳಿದ್ರೆ ಹೂಂ ಅಂತಾಳೆ, ಅವಳ ಹೂಂ ನಂಗೊತ್ತಲ್ಲ."

"ತಿಂದ್ರು ಅಮ್ಮಾವ್ರೆ."

"ಪೂರ್ತಿ?" ಪೇಪರಿನ ಹಿಂದಿನಿಂದ ವಿಶ್ವಾರಾಧ್ಯರು ಕೇಳಿದರು.

"ಪೂರ್ತಿ ತಿಂದ್ರು."

ಪೇಪರು ಕೆಳಗಿಳಿಯಿತು. ಯಜಮಾನರು ಅವನನ್ನು ನೋಡಿದರು. ಬೀರಪ್ಪ ಈ ಸಲ ಆ ನೋಟಕ್ಕೆ ಎದುರು ನಿಲ್ಲಲಾರದೆ ಗೋಡೆ ನೋಡಿದ.

ಜಗದಾಂಬಾ ಒಳಗಿನಿಂದ ಹೊಸ ಗಂಟು ತಂದರು. ಮಗುವಿಗೆ ಎರಡು ಫ್ರಾಕು, ಬೆಳ್ಳಿ ಕಾಲ್ಗೆಜ್ಜೆ, ಸ್ಟೀಲ್ ಡಬ್ಬಿಯಲ್ಲಿ ಮೊಳಕೆ ಬರಿಸಿದ ರಾಗಿಯ ಪುಡಿ, ರಾಗಿಸರಿ ಮಾಡಿ ತಿನ್ನಿಸುವುದಕ್ಕೆ. ಇನ್ನೂ ಹೊಲಿದಿರಲಿಲ್ಲ. ಬೀರಪ್ಪ ಕೈ ಕಟ್ಟಿಕೊಂಡು ನಿಂತ.

"ಅಮ್ಮಾವ್ರೆ, ತಪ್ಪು ತಿಳ್ಕೋಬೇಡಿ. ಈ ಸಲ ನನ್ನ ಎದುರಿಗೇ ಕಟ್ಟಿ."

ಜಗದಾಂಬಾಗೆ ಅರ್ಥವಾಗಲಿಲ್ಲ. "ಕಸ್ಟಮ್ಸಿನೋರು ಕೇಳ್ತಾರಾ?" ಎಂದರು. ಬೀರಪ್ಪ ಹೂಂ ಎಂದ.

ವಿಶ್ವಾರಾಧ್ಯರು ಪೇಪರು ಮಡಚಿ ಎದ್ದು ಬಂದರು. ಫ್ರಾಕುಗಳನ್ನು ಕೊಡವಿ ತೋರಿಸಿದರು. ಗೆಜ್ಜೆಯನ್ನು ಅವನ ಅಂಗೈಗೆ ಹಾಕಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ರಾಗಿಪುಡಿ ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡರು. ಹಸಿ ಪುಡಿ ಗಂಟಲಿಗೆ ಅಂಟಿ ಕೆಮ್ಮು ಬಂತು. ಜಗದಾಂಬಾ ನೀರು ತರಲು ಒಳಗೆ ಓಡಿದರು.

"ಅವರಿಗೆ ಹೇಳು," ಎಂದರು ಕೆಮ್ಮು ನಿಂತ ಮೇಲೆ. ಯಾರಿಗೆಂದು ಹೇಳಲಿಲ್ಲ. ಏನು ಹೇಳಬೇಕೆಂದೂ ಹೇಳಲಿಲ್ಲ.

"ಹೇಳ್ತೀನಿ ಸಾವ್ಕಾರ್ರೆ," ಎಂದ ಬೀರಪ್ಪ. ಆದರೆ ಬಸ್ಸಿನಲ್ಲಿ ಭದ್ರಾವತಿಗೆ ವಾಪಸು ಬರುವಾಗ, ತೊಡೆಯ ಮೇಲೆ ಗಂಟನ್ನಿಟ್ಟುಕೊಂಡು, ಯಜಮಾನರು ತಾವೇ ಪುಡಿ ತಿಂದು ತೋರಿಸಿದ್ದನ್ನು ಹೇಳಿದರೆ ಕುಮಾರವೇಲು ನಂಬುತ್ತಾನೋ ಇಲ್ಲವೋ ಎಂದು ಅವನಿಗೆ ತಿಳಿಯಲಿಲ್ಲ.